ಫ್ರೆಂಚ್ ಕ್ಲಾಸಿನ ಅಣ್ಣ

ಜೂನ್ 17, ಸೋಮವಾರ

ಹೊಸ ಕಾಲೇಜಿನ ಮೊದಲ ದಿನ ಮುಗಿಯಿತು. ಎರಡನೆಯ ಭಾಷೆಗೆ ಸೀಟು ಉಳಿದಿದ್ದದ್ದು ಫ್ರೆಂಚ್‌ನಲ್ಲಿ ಮಾತ್ರ. ಮಾರ್ಚ್‌ನಲ್ಲಿ ಅಣ್ಣ ತೀರಿಕೊಂಡ ಮೇಲೆ ಅರ್ಜಿ, ಕೊನೆಯ ದಿನಾಂಕ ಎಂಬುದೆಲ್ಲ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ತಡವಾಗಿ ಹೋದವಳಿಗೆ ಮಿಕ್ಕಿದ್ದೇ ಗತಿ. ಆಫೀಸಿನ ಗುಮಾಸ್ತರು “ಫ್ರೆಂಚ್ ಆಗತ್ತೇನಮ್ಮ?” ಎಂದು ತಂಗಳು ಬಡಿಸುವವರ ಹಾಗೆ ಸಂಕೋಚದಿಂದ ಕೇಳಿದರು. ಆಗತ್ತೆ ಎಂದೆ. ಯಾವುದಾದರೂ ಆಗುತ್ತಿತ್ತು.

ಮೇಲಿನ ಮಹಡಿಯ ಮೂಲೆಯ ಕೋಣೆ. ಗೋಡೆಯ ಮೇಲೆ ಕಸುಬುಗಳ ಚಿತ್ರಪಟ ನೇತುಹಾಕಿದ್ದಾರೆ: ವೈದ್ಯ, ಶಿಕ್ಷಕ, ಅಂಚೆಯವನು, ಬೇಕರಿಯವನು. ಪಾಠ ಮಾಡುವವರನ್ನು ಮೇಡಂ ಎನ್ನಬಾರದಂತೆ, ‘ಮದಾಮ್’ ಎನ್ನಬೇಕಂತೆ. ನರೆತ ಕೂದಲು, ಗಂಡಸರ ವಾಚು, ಯಾರನ್ನೂ ಬೈಯದ ದನಿ. ಒಬ್ಬೊಬ್ಬರನ್ನೇ ನಿಲ್ಲಿಸಿ ಮನೆಯವರ ಬಗ್ಗೆ ಕೇಳುತ್ತ ಬಂದರು. ನನ್ನ ಸರದಿ ಬಂದಾಗ, ಅಣ್ಣ ತಮ್ಮ ಇದ್ದಾರಾ ಎಂದರು.

‘ಇಲ್ಲ’ ಎನ್ನುವ ಪದವನ್ನು ಅವರು ಆಗಷ್ಟೇ ಹೇಳಿಕೊಟ್ಟಿದ್ದರು. ನನ್ನ ಬಾಯಿಂದ ಬಂದದ್ದು ‘ವುಯಿ’. ಹೌದು. ಏನು ಮಾಡುತ್ತಾನೆ ಎಂದರು. ಅಣ್ಣ ಮಾಡುತ್ತಿದ್ದದ್ದು ಮೊಬೈಲ್ ರಿಪೇರಿ, ಆ ಚಿತ್ರ ಪಟದಲ್ಲಿರಲಿಲ್ಲ. ಸತ್ತವನ ಚಿತ್ರವೂ ಇರಲಿಲ್ಲ. ಬಿಳಿ ಟೋಪಿಯ ಬೇಕರಿಯವನನ್ನು ನೋಡಿ ‘ಬುಲಾಂಜೆ’ ಎಂದೆ. ಉಚ್ಚಾರಣೆ ಚೆನ್ನಾಗಿದೆ ಎಂದು ಮದಾಮ್ ಮುಂದಿನ ಬೆಂಚಿಗೆ ಹೋದರು.

ಅಷ್ಟೇ. ಒಂದು ಪದಕ್ಕೆ ಇಷ್ಟುದ್ದ ಬರೆಯುವ ಅಗತ್ಯವೇನೂ ಇರಲಿಲ್ಲ.

ಜುಲೈ 2, ಮಂಗಳವಾರ

ನಮ್ಮ ತರಗತಿಯಲ್ಲಿ ಎಲ್ಲರ ಅಪ್ಪಂದಿರೂ ಡಾಕ್ಟರು. ಪಕ್ಕದ ಬೆಂಚಿನ ಲಂಬುವಿನ ಅಪ್ಪ ನಿಜವಾಗಿ ಲಾರಿ ಓಡಿಸುತ್ತಾರೆ. ನನ್ನ ಪಕ್ಕ ಕೂರುವ ಪಟಪಟಿಯ ಅಪ್ಪನಿಗೆ ಬಣ್ಣದ ಅಂಗಡಿ ಇದೆ. (ಅವಳಿಗೆ ಆ ಹೆಸರು ಇಟ್ಟವಳು ನಾನಲ್ಲ. ಅವಳ ಬಾಯಿ ಕೇಳಿದ ಯಾರಾದರೂ ಅದೇ ಹೆಸರು ಇಡುತ್ತಾರೆ.) ಬಸ್ ಡಿಪೋದಲ್ಲಿ ಗ್ರೀಸ್ ಮೆತ್ತಿಕೊಂಡು ಬರುವ ನನ್ನ ಅಪ್ಪನೂ ಫ್ರೆಂಚ್‌ನಲ್ಲಿ ಡಾಕ್ಟರೇ. ಲಂಬು ಒಮ್ಮೆ ಎದ್ದು, “ಮದಾಮ್, ಇದೆಲ್ಲ ಸುಳ್ಳಲ್ವಾ?” ಎಂದ. ಮದಾಮ್ ನಕ್ಕರು. “ನಿಜ ಹೇಳ್ಬೇಕು ಅಂತೇನಿಲ್ಲಪ್ಪ. ತಪ್ಪಿಲ್ದೆ ಹೇಳಿದ್ರೆ ಸಾಕು.”

ಇವತ್ತು ದಿನಚರಿಯ ಪಾಠ. ನನ್ನ ಅಣ್ಣ ಬೆಳಗಿನ ಜಾವದಲ್ಲೇ ಏಳುತ್ತಾನೆ, ಬಿಳಿ ಅಂಗಿ ಹಾಕುತ್ತಾನೆ, ಬೀದಿಯಲ್ಲಿ ಎಲ್ಲರೂ ಮಲಗಿರುವಾಗ ಹಿಟ್ಟು ನಾದುತ್ತಾನೆ, ತಲೆತುಂಬ ಹಿಟ್ಟು ಮಾಡಿಕೊಂಡು ಮನೆಗೆ ಬರುತ್ತಾನೆ ಎಂದೆ. ಮದಾಮ್ ಕೇಳುತ್ತಲೇ ಹೋದರು. ನನ್ನ ಹತ್ತಿರ ಎಲ್ಲದಕ್ಕೂ ಉತ್ತರವಿತ್ತು. ಎಲ್ಲಿಂದ ಬಂತೋ ಗೊತ್ತಿಲ್ಲ. ತರಗತಿಯಲ್ಲಿ ನಾನೇ ಮುಂದು ಎಂದು ಪಟಪಟಿ ಹೊಟ್ಟೆ ಉರಿದುಕೊಂಡಳು.

ಮನೆಯಲ್ಲಿ ಅವನ ಮಾತು ಎತ್ತುವ ಹಾಗಿಲ್ಲ. ಏಪ್ರಿಲ್‌ನಲ್ಲಿ ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಹೇಳಿದ್ದರು: “ನಿಮ್ಮಮ್ಮನ ಮುಂದೆ ಆಸ್ಪತ್ರೆ ವಿಷಯ ಎತ್ತಬೇಡ ಕಣೇ. ತಡ್ಕೊಳ್ಳಲ್ಲ ಅವಳು.” ಆ ಬೆಳಗ್ಗೆ ಅಪ್ಪ ಡಿಪೋದಲ್ಲಿದ್ದರು. ಅಮ್ಮ ಗಂಜಿ ಮಾಡಿಕೊಂಡು ಬರಲು ಮನೆಗೆ ಬಂದಿದ್ದಳು. ಅಣ್ಣನ ಹತ್ತಿರ ಇದ್ದವಳು ನಾನೊಬ್ಬಳೇ. ಅವನು ಹೇಗೆ ಹೋದ ಎಂದು ಅಮ್ಮ ಇವತ್ತಿಗೂ ಕೇಳಿಲ್ಲ. ನಾನೂ ಹೇಳಿಲ್ಲ.

ಜುಲೈ 19

ಸಂಸ್ಕೃತಿಯ ಪಾಠ. ಫ್ರಾನ್ಸಿನಲ್ಲಿ ಬ್ರೆಡ್ಡನ್ನು ಮೇಜಿನ ಮೇಲೆ ಬೋರಲು ಇಡಬಾರದಂತೆ, ಅಪಶಕುನವಂತೆ. ಉದ್ದನೆಯ ಬ್ರೆಡ್ಡು ಕೊಂಡು ಮನೆಗೆ ಹೋಗುವಾಗ ತುದಿಯನ್ನು ಮುರಿದು ದಾರಿಯಲ್ಲೇ ತಿನ್ನುತ್ತಾರಂತೆ. “ನಿಮ್ಮಣ್ಣನೂ ತಿಂತಾನಾ?” ಎಂದು ಮದಾಮ್ ಕೇಳಿದರು. ಬೇಕರಿಯವನಿಗೆ ಬ್ರೆಡ್ಡು ಕಂಡರೇ ಆಗುವುದಿಲ್ಲ ಎಂದೆ. ಇಡೀ ತರಗತಿ ನಕ್ಕಿತು.

ಒಲೆಯಿಂದ ತಟ್ಟೆ ಎಳೆಯುವಾಗ ಬಲಗೈ ಸುಟ್ಟುಕೊಂಡಿದ್ದಾನೆ ಎಂದೂ ಹೇಳಿದೆ. ‘ಸುಡು’ ಇವತ್ತಿನ ಹೊಸ ಪದ.

ಆಗಸ್ಟ್ 5, ಸೋಮವಾರ

ದರ್ಜಿಯವರು ಅಂಗಿಗಳ ಗಂಟನ್ನು ವಾಪಸ್ ಕಳಿಸಿದ್ದಾರೆ. ಅಮ್ಮ ಅವರ ಅಂಗಡಿಗೆ ಕಾಜಾ ಹೊಲಿದು ಗುಂಡಿ ಹಚ್ಚಿಕೊಡುತ್ತಾಳೆ. ನಾನು ಹುಟ್ಟುವ ಮೊದಲಿನಿಂದ ಅದೇ ಕೆಲಸ. ಈ ಸಲ ಗಂಡಸರ ಅಂಗಿಗಳಿಗೆಲ್ಲ ಹೆಂಗಸರ ಕಡೆಗೆ ಗುಂಡಿ ಹಚ್ಚಿದ್ದಳು. ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ ಅವಳದು. ಅಂಗಡಿಯ ಆಳು ಗಂಟನ್ನು ಬಾಗಿಲಲ್ಲಿಟ್ಟು ತಲೆ ಕೆರೆದುಕೊಂಡು ನಿಂತಿದ್ದ.

ಅಮ್ಮ ಕಿಟಕಿಯ ಪಕ್ಕ ಕೂತು ಗುಂಡಿಗಳನ್ನು ಬಿಚ್ಚತೊಡಗಿದಳು. ಅವಳ ಕುಪ್ಪಸದ ತೋಳು ಸಡಿಲವಾಗಿದೆ. ಊಟ ಬಡಿಸುತ್ತಾಳೆ, ತಾನು ಆಮೇಲೆ ಎನ್ನುತ್ತಾಳೆ, ಆ ಆಮೇಲೆ ಬರುವುದೇ ಇಲ್ಲ. ನಾನು ಹೋಗಿ ಅಮ್ಮಾ ಎಂದು ಪಕ್ಕದಲ್ಲಿ ಕೂತೆ. ಏನೋ ಹೇಳಬೇಕು ಎಂದೇ ಹೋದದ್ದು. “ಬೆಳಕಿಗೆ ಅಡ್ಡ ಆಗ್ತೀಯ, ಸರಿ ಆ ಕಡೆ” ಎಂದಳು. ಸರಿದೆ.

ಆಗಸ್ಟ್ 23

ಇವತ್ತು ಪೇಚಿಗೆ ಸಿಕ್ಕಿಕೊಂಡೆ. ಸೆಪ್ಟೆಂಬರ್ ಕೊನೆಗೆ ಫ್ರೆಂಚ್ ದಿನ ಆಚರಿಸುತ್ತಾರಂತೆ, ಮನೆಯವರನ್ನೆಲ್ಲ ಕರೆಯಬೇಕಂತೆ. ಲಂಬು ಹಾಡುತ್ತಾನೆ, ನಾನು ವೇದಿಕೆಯ ಮೇಲೆ ‘ನನ್ನ ಕುಟುಂಬ’ ಹೇಳಬೇಕು. ತರಗತಿ ಬಿಟ್ಟಮೇಲೆ ಮದಾಮ್ ನನ್ನನ್ನು ನಿಲ್ಲಿಸಿಕೊಂಡು ಕನ್ನಡದಲ್ಲೇ ಕೇಳಿದರು, “ನಿಮ್ಮಣ್ಣನಿಗೆ ಹೇಳಿ ಒಂದಿಷ್ಟು ಬಾಗೆತ್ ಮಾಡಿಸ್ಕೊಡ್ತೀಯಾ? ಉದ್ದನೆ ಬ್ರೆಡ್ಡು. ಇಲ್ಲಿ ಎಲ್ಲೂ ಸಿಗಲ್ಲ.”

ಅಂದರೆ ಅವರು ಅದನ್ನು ನಿಜವೆಂದೇ ತಿಳಿದಿದ್ದರು. ಲಂಬುವಿನ ಡಾಕ್ಟರಪ್ಪನನ್ನು ನಂಬದವರು ನನ್ನ ಬೇಕರಿಯ ಅಣ್ಣನನ್ನು ನಂಬಿದ್ದರು. ಕಣ್ಣಿಗೆ ಕಟ್ಟುವ ಹಾಗೆ ಹೇಳಿದ್ದರ ಫಲ. ಆ ಕ್ಷಣ ಹೇಳಿಬಿಡಬಹುದಿತ್ತು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ, ಅವರ ಮುಖವೂ ಮೃದುವಾಗಿತ್ತು. ಕೇಳಿ ನೋಡ್ತೀನಿ ಮದಾಮ್ ಎಂದೆ.

ಸೆಪ್ಟೆಂಬರ್ 2, ಸೋಮವಾರ

ಮಾರ್ಕೆಟ್ಟಿನ ಹಿಂದಿನ ಬೇಕರಿಗೆ ಹೋಗಿದ್ದೆ. ಯಜಮಾನರು ದಪ್ಪ ಮನುಷ್ಯ, ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು. “ಉದ್ದದ್ದು ಅಂದ್ರೆ ಎಷ್ಟುದ್ದ?” ನಾನು ಕೈ ಅಗಲಿಸಿ ತೋರಿಸಿದೆ. “ನಮ್ ಹತ್ರ ಅಷ್ಟುದ್ದದ ಅಚ್ಚಿಲ್ಲಮ್ಮ. ಕೈಯಲ್ಲೇ ಉರುಳಿಸಿ ಮಾಡೋಣ. ಸೊಟ್ಟಗಾದ್ರೆ ಬೈಬೇಡಿ. ಯಾರಿಗೆ?”

“ಕಾಲೇಜಿಗೆ. ನಮ್ಮಣ್ಣನೇ ಮಾಡ್ಕೊಡ್ಬೇಕಿತ್ತು. ಅವನಿಗೆ ಪುರುಸೊತ್ತಿಲ್ಲ.”

“ಓ, ನಮ್ ಲೈನ್‌ನವನೇನಾ? ಎಲ್ಲಿ ಕೆಲ್ಸ? ಒಂದಿನ ಕಳಿಸಮ್ಮ ಈ ಕಡೆ, ಮಾತಾಡ್ಸೋಣ.”

ಕಳಿಸ್ತೀನಿ ಎಂದು ಹೇಳಿ ಹೊರಗೆ ಬಂದೆ. ಇಷ್ಟು ದಿನ ಹೇಳಿದ್ದೆಲ್ಲ ಪಾಠ, ಮಾರ್ಕ್ಸು ಎಂದು ಸಮಾಧಾನ ಮಾಡಿಕೊಂಡಿದ್ದೆ. ಇವತ್ತು ನಾನು ಅವನೊಂದಿಗೆ ಜಗಳವಾಡುತ್ತಿದ್ದ, ಅವನು ನನಗೆ ಕತ್ತೆ ಎನ್ನುತ್ತಿದ್ದ ಕನ್ನಡದಲ್ಲೇ ಹೇಳಿದೆ. ಅವನಿಗೆ ಪುರುಸೊತ್ತಿಲ್ಲವಂತೆ. ನನಗೆ ನನ್ನ ಮೇಲೆ ಅಸಹ್ಯವಾಯಿತು.

ಸೆಪ್ಟೆಂಬರ್ 4

ಕಾಲೇಜಿಗೆ ಹೋಗಲಿಲ್ಲ.

ಸೆಪ್ಟೆಂಬರ್ 6, ಶುಕ್ರವಾರ

ಇವತ್ತೂ ಹೋಗಲಿಲ್ಲ. ಸಂಜೆ ಬಾಗಿಲು ಬಡಿದ ಸದ್ದು. ಒಳಗಿನ ಕೋಣೆಯಲ್ಲಿ ಮಲಗಿದ್ದೆ. ಅಮ್ಮ ಬಾಗಿಲು ತೆಗೆದಳು. ದನಿ ಕೇಳಿದ ಕೂಡಲೇ ಗೊತ್ತಾಯಿತು. ಪಟಪಟಿ.

“ಆಂಟಿ, ಅವಳಿಗೆ ಹುಷಾರಿಲ್ವಾ? ಅಣ್ಣ ಬೇಕರಿಯಿಂದ ಬಂದ್ರಾ? ಬ್ರೆಡ್ ವಿಷಯ ಏನಾಯ್ತು ಅಂತ ಮದಾಮ್ ಕೇಳ್ತಿದಾರೆ. ದಿನಾ ಕತ್ತಲೆಗೇ ಎದ್ದು ಹೋಗ್ತಾರಂತಲ್ಲ, ಪಾಪ, ನಿಮಗೂ ನಿದ್ದೆ ಇರಲ್ಲ ಅನ್ಸತ್ತೆ.”

ಎದ್ದು ಹೋಗಿ ಅವಳ ಬಾಯಿ ಮುಚ್ಚಬೇಕು ಅನ್ನಿಸಿತು. ಏಳಲಿಲ್ಲ. ಆಮೇಲೆ ಅಮ್ಮನ ದನಿ. ಎಂದಿನ ದನಿಯೇ.

“ಇನ್ನೂ ಬಂದಿಲ್ಲ ಕಣಮ್ಮ. ಬಾ, ಕೂತ್ಕೋ, ಕಾಫಿ ಮಾಡ್ತೀನಿ.”

ಸೆಪ್ಟೆಂಬರ್ 8, ಭಾನುವಾರ

ನಿನ್ನೆಯೆಲ್ಲ ಅಮ್ಮ ಏನೂ ಕೇಳಲಿಲ್ಲ. ಇವತ್ತು ಮಧ್ಯಾಹ್ನ ಅಪ್ಪ ಹೊರಗೆ ಹೋಗಿದ್ದಾಗ, ಸೂಜಿಗೆ ದಾರ ಪೋಣಿಸುತ್ತ, ನನ್ನ ಕಡೆ ನೋಡದೆ, “ಯಾವ ಬೇಕರಿ?” ಎಂದಳು.

ಎಲ್ಲವನ್ನೂ ಹೇಳಿದೆ. ಚಿತ್ರಪಟ, ವುಯಿ, ಬಿಳಿ ಟೋಪಿ. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಬೆಳಗಿನ ಜಾವ ಏಳುತ್ತಾನೆ ಎನ್ನುವಲ್ಲಿಗೆ ಬಂದಾಗ ಅಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಯಾರು? ಅವನಾ?” ಎಂದು ನಕ್ಕಳು. ಮಾರ್ಚ್‌ನಿಂದ ಈಚೆಗೆ ಅವಳ ನಗು ಕೇಳಿದ್ದು ಇದೇ ಮೊದಲು. “ಬಿಸಿಲು ಮುಖಕ್ಕೆ ಬಂದ್ರೆ ಮಗ್ಗುಲು ಬದಲಾಯಿಸ್ತಿದ್ನೇ ಹೊರತು ಎದ್ದವನಲ್ಲ. ಮತ್ತೆ? ಮತ್ತೇನ್ ಮಾಡ್ತಾನೆ ಅಲ್ಲಿ?”

ನಾನು ಹೇಳುತ್ತಾ ಹೋದೆ. ರಾತ್ರಿ ಊಟಕ್ಕೆ ಅಮ್ಮ ನನ್ನ ಜೊತೆಯಲ್ಲೇ ಕೂತಳು. ದೊಡ್ಡಮ್ಮ ನೋಡಬೇಕಿತ್ತು.

ಸೆಪ್ಟೆಂಬರ್ 17, ಮಂಗಳವಾರ

ಕಾಲೇಜಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮ ಕೇಳುತ್ತಾಳೆ, “ಇವತ್ತೇನ್ ಮಾಡ್ದ?” ಪಾಠದಲ್ಲಿ ಅವನ ಪ್ರಸಕ್ತಿಯೇ ಬಾರದ ದಿನವೂ ನಾನು ಏನಾದರೂ ಹೇಳುತ್ತೇನೆ. ಹೊಸ ಒಲೆ ಬಂದಿದೆ. ಮಾಲೀಕ ಬೈದ. ಅಂಗಡಿಗೆ ದಿನಾ ಒಂದು ಹುಡುಗಿ ಬರುತ್ತಾಳೆ. ಆ ಹುಡುಗಿಯ ವಿಷಯ ಕೇಳಿ ಅಮ್ಮನಿಗೆ ಖುಷಿಯೋ ಖುಷಿ, “ಮಾತಾಡ್ಸಿದ್ನಾ? ಎಲ್ಲಿ, ಬಾಯೇ ಬರಲ್ಲ ಅವನಿಗೆ” ಎಂದು ತಾನೇ ಹೇಳಿಕೊಂಡಳು. ದರ್ಜಿಯವರ ಅಂಗಿಗಳು ಈಗ ಸರಿಯಾಗಿ ಹೋಗುತ್ತಿವೆ. ಅಮ್ಮನ ಮುಖಕ್ಕೆ ಕಳೆ ಬಂದಿದೆ. ಇದನ್ನು ತಪ್ಪು ಎನ್ನುವುದು ಹೇಗೆ?

ಅಪ್ಪ ಮೊದಲ ದಿನ ಈ ಮಾತು ಕಿವಿಗೆ ಬೀಳುತ್ತಲೇ ತಟ್ಟೆ ಬಿಟ್ಟು ಎದ್ದುಹೋಗಿದ್ದರು. ಇವತ್ತು ಕೈ ತೊಳೆಯುವಾಗ ನಾನು ನೀರು ಹಾಕುತ್ತಿದ್ದೆ. ಗ್ರೀಸ್ ಹೋಗಲೆಂದು ಉಜ್ಜುತ್ತ, ತಗ್ಗಿದ ದನಿಯಲ್ಲಿ ಕೇಳಿದರು, “ಆ ಹೊತ್ತಲ್ಲಿ ಬಸ್ಸಿರಲ್ವಲ್ಲ. ಹೆಂಗೆ ಹೋಗ್ತಾನೆ ಕೆಲ್ಸಕ್ಕೆ?”

ಸೈಕಲ್ ಎಂದೆ. ತಲೆಯಾಡಿಸಿ ಟವೆಲ್ ತೆಗೆದುಕೊಂಡರು.

ಸೆಪ್ಟೆಂಬರ್ 25, ಬುಧವಾರ

ದೊಡ್ಡಮ್ಮ ಬಂದಿದ್ದರು. ಅಮ್ಮ ಗೆಲುವಾಗಿದ್ದನ್ನು ಕಂಡು ಸಂತೋಷದಿಂದ, ಧೈರ್ಯ ಮಾಡಿ ಅವರೇ ಅಣ್ಣನ ಮಾತು ಎತ್ತಿದರು. ಅವನ ಕೈ ಎಷ್ಟು ಸೂಕ್ಷ್ಮ, ಎಂಥ ಸಣ್ಣ ಸ್ಕ್ರೂ ಆದರೂ ಹಿಡಿಯುತ್ತಿದ್ದ ಎಂದರು.

“ಹೌದು, ಆ ಬಲಗೈ ಮೇಲೆ ಸುಟ್ಟ ಕಲೆ ಇತ್ತಲ್ಲ, ಅದನ್ನ ನೋಡಿದ್ರೆ ನಂಗೆ ಸಂಕಟ ಆಗ್ತಿತ್ತು” ಎಂದಳು ಅಮ್ಮ.

ದೊಡ್ಡಮ್ಮ ನನ್ನ ಮುಖ ನೋಡಿದರು. ಅಣ್ಣನ ಕೈಮೇಲೆ ಯಾವ ಕಲೆಯೂ ಇರಲಿಲ್ಲ. ಅದು ನಾನು ಜುಲೈನಲ್ಲಿ ಕಲಿತ ಒಂದು ಪದ.

ಅವರು ಹೋದಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಅವನನ್ನು ನೆನಪಿಸಿಕೊಳ್ಳಲು ನೋಡಿದೆ. ಕಣ್ಣು ಮುಚ್ಚಿದರೆ ಬಿಳಿ ಟೋಪಿಯವನೇ ಬರುತ್ತಾನೆ. ಹಿಟ್ಟಿನ ತಲೆ, ಸೈಕಲ್ಲು. ಓರೆಯಾಗಿ ನಿಂತು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು “ಮುಟ್ಟಬೇಡ್ವೇ ಕತ್ತೆ” ಎನ್ನುತ್ತಿದ್ದವನ ದನಿ ಎಷ್ಟು ಪ್ರಯತ್ನಪಟ್ಟರೂ ಬರಲೊಲ್ಲದು. ಅವನನ್ನು ಉಳಿಸಿಕೊಂಡೆ ಎಂದುಕೊಂಡಿದ್ದೆನಲ್ಲ. ಜ್ವರ ಬಂದು ತೀರಿಹೋದವನನ್ನು ನಾನು ಇನ್ನೊಮ್ಮೆ ಕಳೆದುಕೊಂಡಿದ್ದೇನೆ. ಅಮ್ಮನಿಂದಲೂ ಕಸಿದುಕೊಂಡಿದ್ದೇನೆ.

ಸೆಪ್ಟೆಂಬರ್ 26

ನಿಘಂಟಿನಲ್ಲಿ ಒಂದು ಪದ ಹುಡುಕಿದೆ. ಚಿಕ್ಕ ಪದ, ಹೇಳಲು ಸುಲಭ. ಇಲ್ಲಿ ಬರೆಯುವುದಿಲ್ಲ.

ಸೆಪ್ಟೆಂಬರ್ 28, ಶನಿವಾರ

ಬರೆಯಲೇಬೇಕು. ಇವತ್ತು ಬರೆಯದಿದ್ದರೆ ಮುಂದೆಂದೂ ಬರೆಯುವುದಿಲ್ಲ.

ಅಪ್ಪನಿಗೆ ರಜೆ ಸಿಗಲಿಲ್ಲ. ಅಮ್ಮ ಪೆಟ್ಟಿಗೆಯ ತಳದಿಂದ ಒಳ್ಳೆಯ ಸೀರೆ ತೆಗೆದು ಉಟ್ಟಳು. ದಾರಿಯಲ್ಲಿ ಬೇಕರಿಗೆ ಹೋಗಿ ಬ್ರೆಡ್ಡು ಎತ್ತಿಕೊಂಡೆವು. ಯಜಮಾನರು ಮೊದಲೇ ಹೇಳಿದಂತೆ ಎಲ್ಲ ಸೊಟ್ಟ, ಆದರೂ ಉದ್ದಕ್ಕೇನೂ ಕೊರತೆ ಇರಲಿಲ್ಲ. ಅಮ್ಮ ಆ ಬಿಸಿ ಕಟ್ಟನ್ನು ಮಗುವಿನ ಹಾಗೆ ತೋಳಲ್ಲಿ ಹಿಡಿದುಕೊಂಡು ಬಂದಳು. ನನಗೆ ಕೊಡು ಎಂದರೆ ಕೊಡಲಿಲ್ಲ.

ಹಾಲ್ ತುಂಬಿತ್ತು. ಮದಾಮ್ ಬ್ರೆಡ್ಡುಗಳನ್ನು ಮೇಜಿನ ಮೇಲೆ, ಬೋರಲಾಗದಂತೆ, ತಾವೇ ಜೋಡಿಸಿದರು. ಅಮ್ಮನ ಕೈ ಹಿಡಿದು, “ನಿಮ್ಮ ಮಗನಿಗೆ ನನ್ನ ಥ್ಯಾಂಕ್ಸ್ ಹೇಳಿ. ಬರೋಕಾಗ್ಲಿಲ್ವಾ ಅವರಿಗೆ?” ಎಂದರು. “ಕೆಲ್ಸ ನೋಡಿ” ಎಂದಳು ಅಮ್ಮ. ಹೆಮ್ಮೆಯಿಂದ ಹೇಳಿದಳು.

ನನ್ನ ಹೆಸರು ಕರೆದರು. ಅಮ್ಮ ಮುಂದಿನ ಸಾಲಿನಲ್ಲಿ, ಪಟಪಟಿಯ ತಾಯಿಯ ಪಕ್ಕ ಕೂತಿದ್ದಳು. ಬಾಯಿಪಾಠ ಮಾಡಿದ್ದನ್ನು ಶುರು ಮಾಡಿದೆ. ಅಪ್ಪ ಡಾಕ್ಟರು, ಅಮ್ಮ ದರ್ಜಿ, ಅಣ್ಣ ಬುಲಾಂಜೆ. ಆ ಒಂದು ಪದ ಅಮ್ಮನಿಗೆ ಗೊತ್ತು, ನಾನೇ ಹೇಳಿಕೊಟ್ಟಿದ್ದೆ. ಅದು ಕಿವಿಗೆ ಬಿದ್ದ ಕೂಡಲೇ ಪಕ್ಕದವರ ಮೊಣಕೈ ತಟ್ಟಿ ‘ನನ್ ಮಗ’ ಎಂದು ತುಟಿಯಲ್ಲೇ ಹೇಳಿದಳು.

ಅಲ್ಲಿಗೆ ನನ್ನ ಬಾಯಿ ನಿಂತುಹೋಯಿತು. ಮರೆತಳು ಎಂದುಕೊಂಡು ಮದಾಮ್ ಮುಂದಿನ ಸಾಲನ್ನು ಪಿಸುಗುಟ್ಟಿದರು. ನಾನು ಮರೆತಿರಲಿಲ್ಲ. ಅದಲ್ಲ ಎಂದೆ, ಫ್ರೆಂಚ್‌ನಲ್ಲೇ. ನನ್ನ ಅಣ್ಣ ಬುಲಾಂಜೆ ಅಲ್ಲ. ಅವನು ಫೋನುಗಳನ್ನು ರಿಪೇರಿ ಮಾಡುತ್ತಿದ್ದ. ಬೆಳಗ್ಗೆ ಬೇಗ ಏಳುತ್ತಿರಲಿಲ್ಲ. ಅವನ ಕೈಮೇಲೆ ಕಲೆ ಇರಲಿಲ್ಲ. ಮಾರ್ಚ್‌ನಲ್ಲಿ ಅವನಿಗೆ ಜ್ವರ ಬಂತು. ನಿಘಂಟಿನ ಆ ಪದ ಹೇಳಿದೆ. ಆಸ್ಪತ್ರೆಯಲ್ಲಿ ಅವನ ಜೊತೆ ನಾನಿದ್ದೆ. ಅಮ್ಮ ಇರಲಿಲ್ಲ. ವ್ಯಾಕರಣ ಸರಿಯಿತ್ತೋ ಇಲ್ಲವೋ, ನನಗೆ ಗೊತ್ತಾಗಲೇ ಇಲ್ಲ.

ಮದಾಮ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಿಂತಿದ್ದರು. ಪಟಪಟಿ ಅಳುತ್ತಿದ್ದಳು. ಲಂಬು ನೆಲ ನೋಡುತ್ತಿದ್ದ. ನಮ್ಮ ತರಗತಿಯವರು ಮೌನವಾದದ್ದನ್ನು ಕಂಡು ಮನೆಯವರೆಲ್ಲ ಸುಮ್ಮನಾದರು. ಇಡೀ ಹಾಲಿನಲ್ಲಿ ಚಪ್ಪಾಳೆ ತಟ್ಟಿದವಳು ಅಮ್ಮ ಒಬ್ಬಳೇ. ನಗುತ್ತ, ಜೋರಾಗಿ ತಟ್ಟಿದಳು. ಯಾರೂ ಜೊತೆಗೂಡಲಿಲ್ಲ. ಅವಳು ಅತ್ತ ಇತ್ತ ನೋಡಿದಳು, ನನ್ನನ್ನು ನೋಡಿದಳು, ನಿಧಾನವಾಗಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ವೇದಿಕೆ ಇಳಿದು ಬಂದಾಗ ಮದಾಮ್ ನನ್ನನ್ನು ತಬ್ಬಿಕೊಂಡರು. ಏನೋ ಹೇಳಿದರು, ಕೇಳಿಸಲಿಲ್ಲ. ಅಮ್ಮ ಆಗಲೇ ಬಾಗಿಲ ಕಡೆ ನಡೆಯುತ್ತಿದ್ದಳು. ನಾನೂ ಹಿಂದೆ ಹೋದೆ. ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಮೇಲೆ ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

“ನಿಜ ಹೇಳ್ಬಿಟ್ಯಾ?”

“ಹ್ಞೂಂ.”

“ಎಲ್ಲಾನೂ?”

“ಎಲ್ಲಾನೂ ಅಮ್ಮ.”

ಬಸ್ಸು ಬಂತು. ಕಂಡಕ್ಟರ್ ನಮ್ಮ ಮುಖ ನೋಡಿ, ಹತ್ತುವವರಲ್ಲ ಎಂದುಕೊಂಡು ಸೀಟಿ ಊದಿದ. ಬಸ್ಸು ಹೋದಮೇಲೆ ಅಮ್ಮ ಹೇಳಿದಳು, “ಗುರುತಿಲ್ದೋರಿಗೆಲ್ಲ ಹೇಳ್ದೆ. ನಂಗೂ ಹೇಳು.”

ಹೇಳಿದೆ. ಬೆಳಗ್ಗೆ ಜ್ವರ ಇಳಿದ ಹಾಗಿತ್ತು ಅಮ್ಮ. ನೀರು ಕೇಳಿದ, ಎರಡು ಗುಟುಕು ಕುಡಿದ. ಅಮ್ಮ ಎಲ್ಲಿ ಅಂದ. ಗಂಜಿ ತರೋಕೆ ಹೋಗಿದಾಳೆ ಅಂದೆ. ಫೋನ್ ಮಾಡ್ಕೊಡು ಅಂದ, ನನ್ನ ಫೋನಲ್ಲಿ ಚಾರ್ಜ್ ಇರಲಿಲ್ಲ. ಹೋಗ್ಲಿ ಬಿಡೇ, ಬಂದ್ಮೇಲೆ ಮಾತಾಡ್ತೀನಿ ಅಂತ ಕಣ್ಣು ಮುಚ್ಕೊಂಡ. ನಾನು ಅವನ ಕಾಲು ಹಿಡ್ಕೊಂಡು ಕೂತಿದ್ದೆ. ನರಳಲಿಲ್ಲ ಅಮ್ಮ. ನರ್ಸ್ ಬಂದು ಹೇಳೋ ತನಕ ನಂಗೂ ಗೊತ್ತಾಗ್ಲಿಲ್ಲ.

“ನರಳ್ಲಿಲ್ವಾ?”

“ಇಲ್ಲಮ್ಮ.”

“ನನ್ನ ಕೇಳಿದ್ನಾ?”

“ಕೇಳ್ದ.”

ಅಮ್ಮ ಎದೆಯಾಳದಿಂದ ಒಂದು ಸದ್ದು ಮಾಡಿದಳು. ಆಮೇಲೆ ಅಳತೊಡಗಿದಳು. ಮಾರ್ಚ್‌ನಲ್ಲಿ ಅಳದಿದ್ದದ್ದನ್ನೆಲ್ಲ, ಹಾದುಹೋಗುವವರು ನಿಂತು ನೋಡುವ ಹಾಗೆ, ಬಾಯಿಬಿಟ್ಟು ಅತ್ತಳು. ನಾನೂ ಅತ್ತೆ. ಇನ್ನೊಂದು ಬಸ್ಸು ಬಂದು ಹೋಯಿತು. ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು, “ಇನ್ನೊಂದ್ಸಲ ಹೇಳು, ಮೊದಲಿಂದ” ಎಂದಳು. ಬೆಳಗ್ಗೆ ಜ್ವರ ಇಳಿದ ಹಾಗಿತ್ತು ಅಮ್ಮ ಎಂದು ಮೊದಲಿಂದ ಶುರು ಮಾಡಿದೆ.